ಮಹಡಿ ಹತ್ತಿದ ಕುರ್ಚಿಗಳು

ಮೂರನೆಯ ಕೆನ್ನೆ ಜಗನ್ನಾಥ ದೊಡ್ಡಪ್ಪನದು. ಶರಣ್ಯಾ ತನ್ನ ಕೆನ್ನೆಯನ್ನು ಅದಕ್ಕೆ ತಾಗಿಸಿದಳು, ಗಾಳಿಗೆ ಸಣ್ಣದೊಂದು ಮುತ್ತು ಕೊಟ್ಟಳು, ನಾಲ್ಕನೆಯವರ ಕಡೆಗೆ ತಿರುಗಿದಳು.

ದೊಡ್ಡಪ್ಪ ದೀಪದ ಕಂಬದ ಹಾಗೆ ನಿಂತೇ ಇದ್ದರು. ಅವರ ಕನ್ನಡಕ ಒಂದು ಕಡೆಗೆ ವಾಲಿತ್ತು.

ನಾಲ್ಕನೆಯವರು ಪಕ್ಕದ ಮನೆಯ ಜಯರಾಮ್ ಅಂಕಲ್. ಪಾಪ, ಎರವಲು ಪಡೆದಿದ್ದ ಏಣಿಯನ್ನು ವಾಪಸು ಕೊಡಲು ಬಂದಿದ್ದರು. ಹುಡುಗಿ ತಮ್ಮ ಕಡೆಗೇ ಬರುತ್ತಿದ್ದಾಳೆ ಎಂದು ಗೊತ್ತಾದ ಕೂಡಲೇ ಏಣಿಯನ್ನು ಮುಂದಕ್ಕೆ ಹಿಡಿದರು. ಶರಣ್ಯಾ ಏಣಿಯ ಎರಡು ಮೆಟ್ಟಿಲುಗಳ ನಡುವೆ ಮುಖ ತೂರಿಸಿ ಅವರ ಕೆನ್ನೆಯನ್ನೂ ಮುಟ್ಟಿ ಬಂದಳು.

“ಏನೇ ಇದು?” ಎಂದಳು ಜಲಜಾ ದೊಡ್ಡಮ್ಮ, ತನ್ನ ಕೆನ್ನೆಯನ್ನು ಇನ್ನೂ ಸವರಿಕೊಳ್ಳುತ್ತ.

“ಅಲ್ಲಿ ಹೀಗೇ ದೊಡ್ಡಮ್ಮ. ಬಾಗಿಲಲ್ಲಿ ನಿಂತು ಎಲ್ಲರಿಗೂ ಸೇರಿಸಿ ಒಂದು ಹಾಯ್ ಅಂದ್ರೆ ಬೇಜಾರು ಮಾಡ್ಕೋತಾರೆ. ಒಬ್ಬೊಬ್ಬರಿಗೂ ಹೇಳ್ಬೇಕು.”

ದೊಡ್ಡಮ್ಮನಿಗೆ ಮುತ್ತಿಗಿಂತ ಈ ಮಾತೇ ಆಶ್ಚರ್ಯ ತಂದಿತು. ಹೋದ ವರ್ಷ ಈ ಊರು ಬಿಡುವವರೆಗೂ ಶರಣ್ಯಾ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು.

“ನೋಡ್ರೀ, ಮೆಕ್ಸಿಕೊಗೆ ಹೋಗಿ ಕನ್ನಡ ಕಲ್ತು ಬಂದಿದಾಳೆ,” ಎಂದು ದೊಡ್ಡಪ್ಪನಿಗೆ ಹೇಳಿದಳು.

“ಯೂ ಆರ್ ಸೋ ವಿಯರ್ಡ್,” ಎಂದಳು ತನ್ವಿ, ತುಂಬ ಖುಷಿಯಿಂದ. ತನ್ವಿ ದೊಡ್ಡಮ್ಮನ ಮಗಳು. ಅವಳಿಗೂ ಶರಣ್ಯಾಳಿಗೂ ಈಗ ಹದಿನಾಲ್ಕು.

ಶರಣ್ಯಾ ಹುಟ್ಟಿ ಬೆಳೆದದ್ದು ಅಮೆರಿಕದ ಇದೇ ಪ್ಲೆಸೆಂಟನ್ ಊರಿನಲ್ಲಿ, ದೊಡ್ಡಮ್ಮನ ಮನೆಯಿಂದ ಮೂರು ಬೀದಿ ಆಚೆ. ಹೋದ ವರ್ಷ ಅಪ್ಪನ ವೀಸಾ ಮುಗಿಯಿತು. ಮತ್ತೆ ಸಿಗಲಿಲ್ಲ. ಆಫೀಸಿನವರು ಮೆಕ್ಸಿಕೊ ದೇಶದ ಗ್ವಾದಲಹಾರಾ ಎಂಬ ಊರಿನಲ್ಲಿ ಅಪ್ಪನಿಗೆ ಕೆಲಸ ಕೊಟ್ಟರು. ಅಪ್ಪ, ಅಮ್ಮ, ಅವಳು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಇಲ್ಲೇ ಹುಟ್ಟಿದ್ದರಿಂದ ಶರಣ್ಯಾಳದು ಮಾತ್ರ ಅಮೆರಿಕದ ಪಾಸ್‌ಪೋರ್ಟು. ಅವಳೊಬ್ಬಳು ಬೇಕೆಂದಾಗ ವಾಪಸು ಬರಬಹುದು, ಬೇಕಾದಷ್ಟು ದಿನ ಇರಬಹುದು.

ಹೊರಡುವ ದಿನ ಏರ್‌ಪೋರ್ಟಿನಲ್ಲಿ ಅವಳು ದೊಡ್ಡಮ್ಮನ ಸೊಂಟ ಹಿಡಿದು ಬಿಡಲೇ ಇಲ್ಲ. “ಒಂದೇ ವರ್ಷ. ಆಮೇಲೆ ನನ್ನನ್ನ ಕರ್ಕೊಂಡ್ಬಿಡು,” ಎಂದು ಅತ್ತಿದ್ದಳು. ದೊಡ್ಡಮ್ಮ ಆಗಲಿ ಎಂದಿದ್ದಳು.

ದೊಡ್ಡಮ್ಮ ಹೇಳಿದ್ದನ್ನು ಮಾಡುವವಳು. ಕಂಪ್ಯೂಟರ್ ರೂಮನ್ನು ಖಾಲಿ ಮಾಡಿ, ಗೋಡೆಗೆ ಶರಣ್ಯಾಳಿಗೆ ಇಷ್ಟವಾದ ತೆಳು ನೇರಳೆ ಬಣ್ಣ ಹೊಡೆಸಿದ್ದಳು. ಹೈಸ್ಕೂಲಿಗೆ ಹೋಗಿ ಬಂದಿದ್ದಳು. ಬೇಕಾದ ಕಾಗದಗಳನ್ನೆಲ್ಲ ತರಿಸಿದ್ದಳು, ಅವಕ್ಕೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿ ಕಳಿಸಿದ್ದರು. ಅವರು ಹೇಳಿದ್ದು ಇಷ್ಟೇ: ನಿನ್ನಿಷ್ಟ. ಶರಣ್ಯಾ ಈಗ ಹದಿನೈದು ದಿನದ ರಜೆಗೆ ಬಂದಿದ್ದಳು. ವಾಪಸು ಹೋಗುವ ಟಿಕೆಟ್ಟು ಭಾನುವಾರ ಬೆಳಗ್ಗೆಗೆ ಇತ್ತು. ಅವಳು ಹೂಂ ಅಂದರೆ ಸಾಕು, ಟಿಕೆಟ್ಟು ಕ್ಯಾನ್ಸಲ್. ಆಗಸ್ಟಿನಲ್ಲಿ ತನ್ವಿಯ ಜೊತೆ ಒಂದೇ ಸ್ಕೂಲು.

ದೊಡ್ಡಮ್ಮ ಕೇಳಿದಾಗಲೆಲ್ಲ ಶರಣ್ಯಾ, ಹೇಳ್ತೀನಿ ದೊಡ್ಡಮ್ಮ, ಎನ್ನುತ್ತಿದ್ದಳು. ಹೇಳುವುದಕ್ಕೆ ಅವಳಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನಗಳಲ್ಲಿ ಅವಳು ನೇರಳೆ ರೂಮಿನಲ್ಲಿ ಮಲಗಿ ಕಿಟಕಿ ನೋಡುತ್ತಿದ್ದಳು. ದೂರದಲ್ಲಿ ಗುಡ್ಡಗಳು. ಬೇಸಿಗೆಯಲ್ಲಿ ಅವು ಒಣಗಿ ಹಳದಿಯಾಗುತ್ತವೆ. ದೊಡ್ಡ ದೊಡ್ಡ ಪ್ರಾಣಿಗಳು ಬೆನ್ನು ಮಾತ್ರ ಕಾಣುವ ಹಾಗೆ ಮಲಗಿಬಿಟ್ಟಂತೆ. ಬೀದಿಯಲ್ಲಿ ಒಂದು ಸದ್ದಿಲ್ಲ. ಗ್ಯಾರೇಜಿನ ಬಾಗಿಲು ಮೇಲೆ ಹೋಗುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಕೆಳಗೆ ಬರುತ್ತದೆ. ಮತ್ತೆ ಏನಿಲ್ಲ.

ಕಣ್ಣು ಅರ್ಧ ಮುಚ್ಚಿದರೆ ಸಾಕು, ದೂರದಿಂದ ಸಾಣೆ ಹಿಡಿಯುವವನ ಕೊಳಲು ಕೇಳಿಸುತ್ತಿತ್ತು. ಗ್ವಾದಲಹಾರಾದಲ್ಲಿ ಅವನು ಸೈಕಲ್ಲು ತಳ್ಳಿಕೊಂಡು ಬರುತ್ತಾನೆ. ಕೊಳಲು ಊದಿದರೆ ಹೆಂಗಸರು ಮಕ್ಕಳು ಚಾಕು ಹಿಡಿದುಕೊಂಡು ಓಡಿ ಬರುತ್ತಾರೆ. ಮೊದಲ ಸಲ ನೋಡಿದಾಗ ಅಮ್ಮ ಹೆದರಿ ಬಾಗಿಲು ಹಾಕಿಕೊಂಡಿದ್ದಳು. ಶರಣ್ಯಾ ಹಾಸಿಗೆಯಿಂದೆದ್ದು ಕಿಟಕಿಗೆ ಬರುವಳು. ಕೆಳಗೆ ಪ್ಲೆಸೆಂಟನ್ನಿನ ಬಿಸಿಲು ಮಾತ್ರ.

ತಮಾಷೆಯೆಂದರೆ, ಅಲ್ಲಿದ್ದಾಗ ಇದೇ ಉಲ್ಟಾ ನಡೆಯುತ್ತಿತ್ತು.

ಗ್ವಾದಲಹಾರಾದಲ್ಲಿ ಅವರದು ಮಹಡಿ ಮನೆ. ಕೆಳಗೆ ಮನೆಯ ಒಡತಿ ದೋನ್ಯಾ ಕೂಕಾ. ದೋನ್ಯಾ ಎಂದರೆ ನಮ್ಮಲ್ಲಿ ಹಿರಿಯರ ಹೆಸರಿಗೆ ಅಮ್ಮ ಸೇರಿಸಿ ಕರೆದ ಹಾಗೆ. ಪ್ರತಿ ಭಾನುವಾರ ಆಕೆಯ ಮಕ್ಕಳು ಮೊಮ್ಮಕ್ಕಳೆಲ್ಲ ಊಟಕ್ಕೆ ಬರುತ್ತಾರೆ. ಮಹಡಿಯವರೂ ಇಳಿದು ಬರಲೇಬೇಕು. ಊಟ ಮುಗಿದರೂ ಯಾರೂ ಏಳುವುದಿಲ್ಲ. ಮಾತು, ಮಾತು, ಸಂಜೆಯವರೆಗೆ ಮಾತು. ಮೊದಮೊದಲು ಶರಣ್ಯಾಳಿಗೆ ಅದೆಲ್ಲ ಈಜುಕೊಳದೊಳಗೆ ಮುಳುಗಿ ಕೇಳಿದ ಹಾಗೆ ಕೇಳುತ್ತಿತ್ತು. ಎಲ್ಲರೂ ನಕ್ಕ ಮೇಲೆ, ಒಂದು ಕ್ಷಣ ತಡವಾಗಿ, ಅವಳೂ ನಗುತ್ತಿದ್ದಳು.

ಆಗ ಅವಳು ಮನಸ್ಸಿನಲ್ಲೇ ಪ್ಲೆಸೆಂಟನ್ನಿಗೆ ಹೋಗುತ್ತಿದ್ದಳು. ಲೈಬ್ರರಿಯಿಂದ ಶುರು. ಸಿಗ್ನಲ್ ದಾಟಿ, ಪಾರ್ಕಿನ ಪಕ್ಕ ಎಡಕ್ಕೆ ತಿರುಗಿ, ತಮ್ಮ ಹಳೆಯ ಮನೆಯ ಮುಂದೆ ನಿಲ್ಲದೆ, ದೊಡ್ಡಮ್ಮನ ಗ್ಯಾರೇಜಿನ ಬಾಗಿಲಿಗೆ ಬಂದು ನಾಲ್ಕು ನಂಬರು ಒತ್ತುವವರೆಗೆ. ಪ್ರತಿ ಭಾನುವಾರ ಅದೇ ದಾರಿ.

ಒಂದು ಭಾನುವಾರ ಅವಳು ಹೋಗುವುದನ್ನು ಮರೆತಳು. ಮರೆತಿದ್ದು ಗೊತ್ತಾದದ್ದು ಸೋಮವಾರ, ಸ್ಕೂಲಿಗೆ ಹೋಗುವ ಬಸ್ಸಿನಲ್ಲಿ.

ಇಂಗ್ಲಿಷು ಕೂಡ ಹಾಗೆಯೇ ಸದ್ದಿಲ್ಲದೆ ಹಿಂದೆ ಸರಿದಿತ್ತು. ಹೊರಗೆ ಸ್ಪ್ಯಾನಿಷು ಬೇಕು. ಮಾರ್ಕೆಟಿನಲ್ಲಿ ಜನರ ಎದುರಿಗೇ ಗುಟ್ಟು ಹೇಳಲು ಕನ್ನಡ ಬೇಕು. “ಈಯಪ್ಪನ ಟೊಮೇಟೊ ಬೇಡಮ್ಮ, ಕೆಳಗಡೆ ಎಲ್ಲ ಕೊಳೆತಿದೆ,” ಎಂದು ನಗುನಗುತ್ತಲೇ ಹೇಳಬಹುದು. ಆಯಪ್ಪನೂ ನಗುತ್ತಾನೆ.

ಈಗ ತನ್ವಿಯ ಜೊತೆ ಅವಳು ಆ ದಾರಿಯಲ್ಲಿ ನಿಜವಾಗಿ ನಡೆದು ಬಂದಳು. ಲೈಬ್ರರಿ ಇತ್ತು. ಸಿಗ್ನಲ್, ಪಾರ್ಕು, ಎಲ್ಲ ಇದ್ದಲ್ಲೇ ಇದ್ದವು. ನಂಬರು ಒತ್ತಿದರೆ ಬಾಗಿಲು ತೆರೆಯಿತು. ಆದರೆ ತಲೆಯೊಳಗಿನ ಬೀದಿಯಲ್ಲಿ ಅವಳು ತುಂಬ ಜನರನ್ನು ಹಾಕಿದ್ದಳು ಎಂದು ತೋರುತ್ತದೆ. ಇಲ್ಲಿ ಯಾರೂ ಎದುರಾಗಲಿಲ್ಲ. ತನ್ವಿ ಫೋನಿನಲ್ಲಿ ಏನೋ ತೋರಿಸುತ್ತಿದ್ದಳು, ಹೆಸರುಗಳನ್ನು ಹೇಳುತ್ತಿದ್ದಳು, ಶರಣ್ಯಾ ಒಂದು ಕ್ಷಣ ತಡವಾಗಿ ನಗುತ್ತಿದ್ದಳು.

ಶನಿವಾರ ಬಂತು. ದೊಡ್ಡಮ್ಮ ಮಜ್ಜಿಗೆಹುಳಿ, ಹುರುಳಿಕಾಯಿ ಪಲ್ಯ, ಮಾವಿನಹಣ್ಣಿನ ಸೀಕರಣೆ ಮಾಡಿದ್ದಳು. ನಾಲ್ವರೂ ಊಟಕ್ಕೆ ಕುಳಿತರು. ಸೀಕರಣೆ ಬಡಿಸುತ್ತ ದೊಡ್ಡಮ್ಮ, ಇವತ್ತು ಸಂಜೆಯೊಳಗೆ ಹೇಳಿಬಿಡಬೇಕು ಪುಟ್ಟಿ, ಆಮೇಲೆ ಟಿಕೆಟ್ಟು ಕ್ಯಾನ್ಸಲ್ ಮಾಡಲು ಬಿಡುವುದಿಲ್ಲ ಎಂದಳು. ಅವಸರ ಮಾಡಬೇಡ ಎಂದರು ದೊಡ್ಡಪ್ಪ. ತನ್ವಿ ಮೇಜಿನ ಕೆಳಗಿನಿಂದ ಶರಣ್ಯಾಳ ಕಾಲನ್ನು ತನ್ನ ಕಾಲಿನಿಂದ ಒತ್ತಿದಳು. ಇರು ಎಂದು ಅದರ ಅರ್ಥ.

ಶರಣ್ಯಾಳ ಫೋನು ಬಡಿದುಕೊಂಡಿತು. ವಿಡಿಯೊದಲ್ಲಿ ಅಪ್ಪ. ಮುಖದ ತುಂಬ ಗಾಬರಿ.

“ಪುಟ್ಟಾ, ಮನೆಗೆ ಕುರ್ಚಿಗಳು ಬರ್ತಾ ಇವೆ.”

“ಯಾವ ಕುರ್ಚಿ?”

“ಅದೇ ಗೊತ್ತಿಲ್ಲ.”

ಅಪ್ಪ ಫೋನು ತಿರುಗಿಸಿದ. ಗ್ವಾದಲಹಾರಾದ ಕಿರಿದಾದ ಮೆಟ್ಟಿಲು. ಅದರಲ್ಲಿ ತಗಡಿನ ಮಡಚುವ ಕುರ್ಚಿಗಳು ಒಂದರ ಹಿಂದೆ ಒಂದು ಮೇಲೆ ಬರುತ್ತಿದ್ದವು. ಹೊತ್ತವರ ತಲೆ ಕಾಣುತ್ತಿರಲಿಲ್ಲ, ಕುರ್ಚಿಗಳಿಗೇ ಕಾಲು ಬಂದಂತಿತ್ತು. ಅವು ಅಪ್ಪನನ್ನು ದಾಟಿ, ತಾರಸಿಯ ಬಾಗಿಲಲ್ಲಿ ಬಿಸಿಲಿಗೆ ಇಳಿದು ಮಾಯವಾಗುತ್ತಿದ್ದವು.

“ಯಾರಿಗಾದ್ರೂ ಸೀ ಅಂದ್ಯಾ ಅಪ್ಪ?”

ಸೀ ಎಂದರೆ ಹೌದು. ಏನೂ ಅರ್ಥವಾಗದಿದ್ದಾಗ ಅಪ್ಪ ಸೀ ಸೀ ಎಂದು ತಲೆಯಾಡಿಸಿಬಿಡುತ್ತಾನೆ. ಒಮ್ಮೆ ಹೀಗೆ ಆಡಿಸಿ, ಬೀದಿಯ ಕೊನೆಯ ಮನೆಯವರ ಗಿಳಿಯನ್ನು ನಾಲ್ಕು ದಿನ ನೋಡಿಕೊಳ್ಳಬೇಕಾಗಿತ್ತು.

“ಬೆಳಗ್ಗೆ ದೋನ್ಯಾ ಕೂಕಾ ಏನೋ ಕೇಳಿದ್ರು,” ಎಂದ ಅಪ್ಪ. “ಅಂದಿರಬೇಕು.”

ಅಷ್ಟರಲ್ಲಿ ದೋನ್ಯಾ ಕೂಕಾ ತಾವೇ ಫೋನು ಕಿತ್ತುಕೊಂಡರು. ಪರದೆಯ ತುಂಬ ಒಂದು ಕಣ್ಣು, ಒಂದು ಓಲೆ. ಶರಣ್ಯಾ ಮಾತಾಡತೊಡಗಿದಳು.

ದೊಡ್ಡಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ಈ ಹುಡುಗಿಯನ್ನು ಅವಳು ನೋಡಿರಲಿಲ್ಲ. ದನಿ ಬೇರೆ. ಕುರ್ಚಿಯಿಂದ ಎದ್ದು, ಎಡಗೈಯಲ್ಲಿ ಫೋನು ಹಿಡಿದು ಬಲಗೈ ಬೀಸುತ್ತ, ಊಟದ ಮೇಜಿನ ಸುತ್ತ ನಡೆಯುತ್ತಿದ್ದಾಳೆ, ನಗುತ್ತಿದ್ದಾಳೆ, ಜೋರು ಮಾಡುತ್ತಿದ್ದಾಳೆ. ನಡುವೆ ಫೋನನ್ನು ಪಕ್ಕಕ್ಕೆ ಹಿಡಿದು ಕನ್ನಡದಲ್ಲಿ ವಿಷಯ ಹೇಳಿದಳು. ಪೈಪು ರಿಪೇರಿಗೆ ಕೆಳಗಿನ ಅಂಗಳವನ್ನೆಲ್ಲ ಅಗೆದಿದ್ದಾರಂತೆ. ಅದಕ್ಕೆ ನಾಳೆಯ ಊಟ ನಮ್ಮ ತಾರಸಿಯಲ್ಲಂತೆ. ಅಪ್ಪ ಒಪ್ಪಿಬಿಟ್ಟಿದ್ದಾನೆ.

“ನಾನು ಒಪ್ಪಿದೀನಾ?” ಎಂದು ದೂರದಲ್ಲಿ ಅಪ್ಪನ ದನಿ ಕೇಳಿಸಿತು.

ಮತ್ತೆ ಸ್ಪ್ಯಾನಿಷಿಗೆ ಹೋದಳು. ಕುರ್ಚಿಗಳನ್ನು ಟ್ಯಾಂಕಿನ ನೆರಳಿಗೆ ಹಾಕಿಸಿದಳು. ಅಮ್ಮನ ಕರಿಬೇವಿನ ಕುಂಡವನ್ನು ಮೂಲೆಗೆ ಇಡಿಸಿದಳು. ಐದು ಗಂಟೆಗೆ ಮಳೆ ಬಂದರೆ ಎಂದು ಟಾರ್ಪಾಲು ಹುಡುಕಿಸಿದಳು. ಕೊನೆಗೆ ಆ ಒಂದು ಕಣ್ಣು ಏನೋ ಕೇಳಿತು. ಶರಣ್ಯಾ ಚಿಕ್ಕದೊಂದು ಉತ್ತರ ಕೊಟ್ಟಳು. ಫೋನು ಕತ್ತಲಾಯಿತು.

ಅವಳು ನಗುತ್ತಲೇ ಬಂದು ಕುಳಿತಳು. ಬಲಗೈಯಲ್ಲಿ ಅನ್ನ ಒಣಗಿತ್ತು.

ತನ್ವಿ ಅವಳನ್ನೇ ನೋಡುತ್ತಿದ್ದಳು. ತನ್ವಿ ಮೂರು ವರ್ಷದಿಂದ ಸ್ಕೂಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಮಾತಾಡಲು ಬಾರದು. ಸಂಖ್ಯೆ, ವಾರ, ಬಣ್ಣಗಳು ಬರುತ್ತವೆ. ಅವಳ ಕಾಲು ಮೆಲ್ಲಗೆ ಶರಣ್ಯಾಳ ಕಾಲಿನಿಂದ ಹಿಂದೆ ಸರಿಯಿತು.

“ಅಮ್ಮಾ, ಆಸ್ಕ್ ಹರ್ ವಾಟ್ ಶೀ ಸೆಡ್,” ಎಂದಳು.

“ಏನು ಕೇಳಿದ್ರೇ ಅವರು?” ಎಂದಳು ದೊಡ್ಡಮ್ಮ.

“ಕುರ್ಚಿ ಇಪ್ಪತ್ತು ಸಾಕಾ, ಇಪ್ಪತ್ತೊಂದು ಬೇಕಾ ಅಂತ.”

“ನೀನೇನಂದೆ?”

ಶರಣ್ಯಾ ಬಾಯಿ ತೆರೆದಳು. ಆಗಷ್ಟೇ ತಾನು ಕೊಟ್ಟ ಉತ್ತರ ಅವಳಿಗೂ ಕೇಳಿಸಿತು, ಬೇರೆ ರೂಮಿನಿಂದ ಯಾರೋ ಹೇಳಿದ ಹಾಗೆ. ಹದಿನೈದು ದಿನ ಅದನ್ನು ನೇರಳೆ ಗೋಡೆಯ ಮೇಲೆ ಹುಡುಕಿದ್ದಳು, ಹಳದಿ ಗುಡ್ಡಗಳ ಮೇಲೆ ಹುಡುಕಿದ್ದಳು. ಈಗ ಹುಡುಕಿರಲೇ ಇಲ್ಲ. ಯಾರೋ ಚೆಂಡು ಎಸೆದಾಗ ಕೈ ತಾನಾಗಿ ಮೇಲೆ ಹೋಗುತ್ತದಲ್ಲ, ಅಷ್ಟೇ.

“ಇಪ್ಪತ್ತೊಂದು ಅಂದೆ,” ಎಂದಳು. “ನಾಳೆ ಊಟದ ಹೊತ್ತಿಗೆ ಬಂದಿರ್ತೀನಿ ಅಂದೆ.”

ದೊಡ್ಡಪ್ಪ ಎದ್ದು ಕೈ ತೊಳೆಯಲು ಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು.

ದೊಡ್ಡಮ್ಮ ಸೌಟನ್ನು ಪಾತ್ರೆಯಲ್ಲಿಟ್ಟು, ಪಕ್ಕದ ಕುರ್ಚಿಯಲ್ಲಿ ಕುಳಿತಳು.

“ನೀನೇ ಕೇಳಿದ್ದೆ ಕಣೇ,” ಎಂದಳು. ಸಿಟ್ಟಿರಲಿಲ್ಲ. “ಏರ್‌ಪೋರ್ಟಲ್ಲಿ.”

“ಹೌದು. ಅವತ್ತು ನಿಜವಾಗ್ಲೂ ಬೇಕಿತ್ತು.”

ದೊಡ್ಡಮ್ಮನ ಕಣ್ಣಿನ ಕೆಳಗೆ ಸಣ್ಣ ಗೆರೆಗಳಿದ್ದವು. ಹೋದ ವರ್ಷ ಶರಣ್ಯಾ ಅವನ್ನು ನೋಡಿರಲಿಲ್ಲ. ಗೋಡೆಗೆ ಬಣ್ಣ ಹೊಡೆಸುವಾಗ, ಸ್ಕೂಲಿನಲ್ಲಿ ಕಾಯುತ್ತ ಕುಳಿತಿರುವಾಗ, ಈ ಮುಖ ಹೇಗಿದ್ದಿರಬಹುದು ಎಂದು ಅವಳಿಗೆ ಚೆನ್ನಾಗಿ ಕಾಣಿಸಿತು. ಆ ಅತ್ತ ಹುಡುಗಿಗಾಗಿ ದೊಡ್ಡಮ್ಮ ಇಡೀ ವರ್ಷ ಕಾದಿದ್ದಳು. ಬಂದದ್ದು ಇನ್ನೊಬ್ಬಳು.

“ಈಗ್ಲೇ ಏನೂ ಹೇಳ್ಬೇಡ,” ಎಂದಳು ದೊಡ್ಡಮ್ಮ, ಅವಳ ಎಡಗೈ ಹಿಡಿದು. “ಟಿಕೆಟ್ಟು ಒಂದು ವಾರ ಮುಂದಕ್ಕೆ ಹಾಕ್ಸೋಣ. ಸುಮ್ನೆ ಇರು, ಯೋಚ್ನೆ ಮಾಡು. ಒಂದೇ ವಾರ ಪುಟ್ಟಿ.”

ಆ ವಾರ ಹೇಗಿರುತ್ತದೆ ಎಂದು ಶರಣ್ಯಾಳಿಗೆ ಗೊತ್ತಿತ್ತು. ಸೀಕರಣೆಯಷ್ಟು ಸಿಹಿಯಾಗಿರುತ್ತದೆ. ದಿನಗಳು ಒಂದರೊಳಗೊಂದು ಕರಗುತ್ತವೆ. ಕೊನೆಯಲ್ಲಿ ದೊಡ್ಡಮ್ಮ ಹೀಗೇ ಕೈ ಹಿಡಿದು ಇನ್ನೊಂದು ವಾರ ಎನ್ನುತ್ತಾಳೆ.

ಅವಳು ಕೈಯನ್ನು ಬಿಡಿಸಿಕೊಳ್ಳಲಿಲ್ಲ.

“ಬೇಡ ದೊಡ್ಡಮ್ಮ,” ಎಂದಳು.