ಒಂದೊಂದೇ ರೀಲು ಲಿನನ್ ದಾರ

"ಇವತ್ತೂ ಒಂದೇ ರೀಲಾ?"

ದಾರದಂಗಡಿಯ ಬ್ರಾಯಿಸ್ ಗಲ್ಲಾದ ಹಿಂದಿನಿಂದ ಕೇಳಿದಾಗ ಇರಿಯಾ ಕಿಟಕಿಯಾಚೆಯ ದೋಣಿಗಳನ್ನು ನೋಡುತ್ತ ನಿಂತಳು.

"ಒಂದು ಸಾಕು."

"ಸರಿ ಬಿಡು," ಎಂದ ಅವನು. ತುಟಿಯಂಚಿನಲ್ಲಿ ನಗು ಇತ್ತು, ಪೂರ್ತಿ ಹೊರಬರಲಿಲ್ಲ.

ಆ ದಾರವನ್ನು ಅವಳು ಆರಿಸಿದ್ದು ಚಳಿ ಇಳಿಯುವ ಹೊತ್ತಿನಲ್ಲಿ. ಅಕ್ಕ ಸಬೇಲಾಳ ಮದುವೆಯ ಹಾಸಿಗೆಯ ಬಟ್ಟೆಗೆ ಲೇಸಿನ ಅಂಚು ಹೆಣೆಯಬೇಕಿತ್ತು. ಬ್ರಾಯಿಸ್ ಮೊದಲು ದಪ್ಪ ಹತ್ತಿ ದಾರ ತೆಗೆದ. ಇರಿಯಾ ಅದನ್ನು ಹೂವಿನ ವಿನ್ಯಾಸಕ್ಕೆ ತೂತು ಚುಚ್ಚಿದ ರಟ್ಟಿನ ಮಾದರಿಯ ಮೇಲೆ ಎಳೆದು ನೋಡಿದಳು.

"ಇದ್ರಲ್ಲಿ ಹೆಣೆದ್ರೆ ಹೂವೆಲ್ಲ ಎಲೆಕೋಸಾಗ್ತವೆ."

ತೀರಾ ತೆಳ್ಳನೆಯದು ಕೊಟ್ಟ.

"ಇದ್ರಲ್ಲಿ ಬರೀ ತೂತು, ಮೀನಿನ ಬಲೆ!"

ಕೊನೆಗೆ ಒಂದು ಲಿನನ್ ಎಳೆಯನ್ನು ತುಟಿಗೆ ತಾಗಿಸಿ, ಕಣ್ಣು ಮುಚ್ಚಿ, "ಇದೇ" ಎಂದಳು. ಕಣ್ಣು ತೆರೆದಾಗ ಅವನು ನೋಡುತ್ತಿದ್ದುದು ದಾರವನ್ನಲ್ಲ. ಸಿಕ್ಕಿಬಿದ್ದವನು ಗಡಿಬಿಡಿಯಿಂದ ಇಲ್ಲದ ಧೂಳು ಒರೆಸತೊಡಗಿದ.

ಬೇಕಾದಷ್ಟನ್ನೂ ಅವಳು ಅಂದೇ ಕೊಳ್ಳಬೇಕಿತ್ತು. ಒಂದು ಸಲ ಬಂದ ಲಿನನ್ ಮಜ್ಜಿಗೆ ಬಣ್ಣದ್ದಾದರೆ ಮುಂದಿನದು ಬೂದಿಯ ಕಡೆ ವಾಲುತ್ತದೆಂದು ಲೇಸಿನ ಊರಾದ ಕಮರೀನ್ಯಾಸಿನ ಪುಟ್ಟ ಹುಡುಗಿಗೂ ಗೊತ್ತು. ಆದರೂ ಇರಿಯಾ ಒಂದೇ ರೀಲು ಕೊಂಡಳು. ಅದು ಮುಗಿದಾಗ ಮತ್ತೊಂದು.

ಒಂದು ಮಧ್ಯಾಹ್ನ ಹೆಂಗಸರೆಲ್ಲ ದಿಂಬುಗಳ ಮೇಲೆ ದಾರ ಸುತ್ತಿದ ಮರದ ಕಡ್ಡಿಗಳನ್ನು ಕಟಕಟ ಆಡಿಸುತ್ತ ಹೆಣೆಯುತ್ತಿದ್ದರು. ಅಜ್ಜಿ ಡೊರಿಂಡಾ ಮೊಮ್ಮಗಳ ದಿಂಬಿನ ಮೇಲೆ ಬಗ್ಗಿದಳು.

"ಏನೇ ಇದು, ಕೊನೇಲಿ ಬೂದಿ ಪಟ್ಟೆ?"

ಪಕ್ಕದ ಮನೆಯ ಮರೂಷಾ ಕನ್ನಡಕ ಏರಿಸಿದಳು. "ಒಂದೊಂದೇ ರೀಲು ತಂದ್ಯೇನೇ? ಇಷ್ಟು ವರ್ಷ ಹೆಣೆದೋಳು! ದಾರ ನೋಡೋಕೆ ಹೋಗ್ತಿದ್ಯೋ, ಅಂಗಡಿಯವನನ್ನ ನೋಡೋಕೋ?"

ಕಡ್ಡಿಗಳೆಲ್ಲ ನಿಂತು ನಗು ಎದ್ದಿತು. ಇರಿಯಾಳ ಕಿವಿಗಳು ಕೆಂಪಾದವು.

"ನಗ್ಬೇಡ್ರೇ, ಮದುವೆ ಹತ್ರ ಬಂತು," ಅಜ್ಜಿ ಗದರಿದಳು. "ಪಟ್ಟೆಯಷ್ಟೂ ಬಿಚ್ಚಬೇಕು. ಹಳೇ ದಾರ ಸಿಗ್ದಿದ್ರೆ ನಿಮ್ಮಕ್ಕನಿಗೆ ಬೋಳು ಬಟ್ಟೆ ಹಾಸ್ಬೇಕಾಗತ್ತೆ. ಓಡು!"

ಇರಿಯಾ ಅಂಗಡಿಗೆ ಓಡಿಬಂದಳು.

"ಬಣ್ಣ ಬದಲಾಗಿದೆ ಬ್ರಾಯಿಸ್... ಹಳೇದು ಇಲ್ಲ ಅನ್ಬೇಡ."

"ಮೊನ್ನೆ ನಾನಿರ್ಲಿಲ್ಲ. ಅಂಗಡಿ ನೋಡ್ಕೊಂಡ ಸೋದರತ್ತೆ ಹೊಸದನ್ನ ಕೊಟ್ಟಿರ್ಬೇಕು." ಅವನು ಒಳಗಿನಿಂದ ಡಬ್ಬಿಯೊಂದನ್ನು ತಂದು ತೆರೆದ. ಅದರ ತುಂಬ ಮಜ್ಜಿಗೆ ಬಣ್ಣದ ರೀಲುಗಳು. "ನೀನು ಆರಿಸಿದ ದಿನಾನೇ ಎತ್ತಿಟ್ಟೆ. ಯಾರಿಗೂ ಮಾರ್ಲಿಲ್ಲ."

"ಮತ್ತೆ ಅವತ್ತೇ ಯಾಕೆ ಎಲ್ಲಾ ಕೊಡ್ಲಿಲ್ಲ?"

"ನೀನ್ಯಾಕೆ ಎಲ್ಲಾ ಕೇಳ್ಲಿಲ್ಲ?"

ಇರಿಯಾ ಒಂದು ರೀಲನ್ನೆತ್ತಿ ಬೆರಳುಗಳಲ್ಲಿ ಉರುಳಿಸಿದಳು.

ಬ್ರಾಯಿಸ್ ಡಬ್ಬಿಯನ್ನು ಮೆಲ್ಲಗೆ ಅವಳತ್ತ ಸರಿಸಿದ. "ತಗೊಂಡ್ಹೋಗು. ಅಂಚು ಮುಗಿಯೋವರೆಗೂ ಸಾಕಾಗತ್ತೆ." ದನಿ ಸಣ್ಣಗಾಯಿತು. "ಇನ್ನು ನೀನು ಇಲ್ಲಿಗೆ ಬರೋಕೆ ಏನೂ ಉಳ್ದಿಲ್ಲ."

ಇರಿಯಾ ಡಬ್ಬಿಯನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದಳು. ಅಲ್ಲೇ ನಿಂತಳು.

"ಭಾನುವಾರ ಅಂಗಡಿ ಮುಚ್ಚಿರತ್ತೆ, ಅಲ್ವಾ?"

"ಹೂಂ."

"ಹಾಗಾದ್ರೆ ಭಾನುವಾರ ಬರ್ತೀನಿ," ಎಂದಳು. "ದಾರಕ್ಕೆ ಬಂದ್ಲು ಅಂತ ಯಾರೂ ಅನ್ನೋ ಹಾಗಿರಲ್ಲ."