ಟ್ಯಾಂಕಿನ ಮೇಲೆ ತಣ್ಣನೆಯ ಗೆರೆ

ಅಮೆರಿಕದ ವರ್ಮಾಂಟಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಬಾವಿ ಪಂಪು ರಿಪೇರಿ ಮಾಡಿದವನು ನಾನು. ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ.

“ಐದು ದಿನದಿಂದ ತೊಟ್ಟು ನೀರಿಲ್ಲ, ಈಗ ಬಂದ್ಯಾ ಮಹಾರಾಯ?” ಎಂದು ಹೆಸ್ಟರಜ್ಜಿ ರೇಗಿದಳು.

ಸುಟ್ಟುಹೋಗಿದ್ದ ಪಂಪನ್ನು ಬಾವಿಯಿಂದ ಮೇಲೆಳೆದು ಹುಲ್ಲಿನ ಮೇಲೆ ಮಲಗಿಸಿ, ಹೊಸದನ್ನು ಕೂರಿಸುವ ಮುಂಚೆ ಅವಳ ಮನೆಯ ನೆಲಮಾಳಿಗೆಗೆ ಇಳಿದೆ. ಪಂಪು ತಳ್ಳಿದ ನೀರನ್ನು ಹಿಡಿದಿಟ್ಟು ನಲ್ಲಿಗಳಿಗೆ ಕೊಡುವ ಪ್ರೆಶರ್ ಟ್ಯಾಂಕು ಅಲ್ಲಿತ್ತು. ಅದನ್ನು ನಾವು ಬೆರಳಗೆಣ್ಣಿನಿಂದ ತಟ್ಟಿ ನೋಡುತ್ತೇವೆ: ಗಾಳಿಯಿದ್ದಲ್ಲಿ ಠಣ್, ನೀರಿದ್ದಲ್ಲಿ ದಬ್. ತಳದಿಂದ ತುದಿಯವರೆಗೂ ಠಣ್ ಎಂದಿತು. ಮತ್ತೆ ತಟ್ಟಿದೆ. ತಳದಲ್ಲಿ ದಬ್! ನನ್ನ ಅಂಗೈಯಡಿಯಲ್ಲೇ ತೇವದ ತಣ್ಣನೆಯ ಗೆರೆಯೊಂದು ಸದ್ದಿಲ್ಲದೆ ಮೇಲೇರುತ್ತಿತ್ತು. ನನಗೇ ಗೊತ್ತಿಲ್ಲದಂತೆ ತಲೆಯ ಮೇಲಿನ ಟೋಪಿ ತೆಗೆದೆ.

ಮೇಲಿಂದ ಅಜ್ಜಿ ಕೂಗಿದಳು: “ನಲ್ಲೀಲಿ ನೀರು ಬಂತು ಕಣೋ ಓರಿನ್! ನಿನ್ನ ಕೈಗುಣಾನೇ ಕೈಗುಣ!”

ನೆಲಮಾಳಿಗೆಯ ಪುಟ್ಟ ಕಿಟಕಿಯಾಚೆ, ಹುಲ್ಲಿನ ಮೇಲೆ, ಪಂಪು ಬಿಸಿಲಿಗೆ ಒಣಗುತ್ತಿತ್ತು.