ಕುಂಟದ ಹೆಜ್ಜೆ

ಶುಕ್ರವಾರದ ರಜೆ ಮುಗಿಸಿ ಶನಿವಾರ ಬೆಳಿಗ್ಗೆ ಬಂದ ನರ್ಸ್ ಕುಸುಮಾವತಿ ಕೊಲ್ಲಿ ದೇಶದ ಖೈತಾನ್ ಬಡಾವಣೆಯ ಬಡವರ ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತುಬಿಟ್ಟಳು. ಬಾಗಿಲಿನ ಗಾಜು ಒಡೆದಿತ್ತು. ನೆಲದ ಮೇಲೆ ಒಣಗಿದ ರಕ್ತದ ಹೆಜ್ಜೆಗಳು. ಡಾಕ್ಟರ ಮೇಜಿನ ಡ್ರಾಯರ್ ಖಾಲಿ.

ಔಷಧಿಯ ಕಪಾಟನ್ನು ಯಾರೂ ಮುಟ್ಟಿರಲಿಲ್ಲ. ಹೋಗಿದ್ದು ಒಂದೇ, ರೋಗಿಗಳು ಸಹಿ ಹಾಕುವ ರಿಜಿಸ್ಟರ್. ಇದೆಂಥ ಕಳ್ಳನೋ!

ಆಮೇಲೆ ಬಂದ ಡಾಕ್ಟರ್ ನವ್ಯಶ್ರೀ ಖಾಲಿ ಡ್ರಾಯರನ್ನೇ ಮತ್ತೆ ತಡಕಿದಳು. ಊರಿನ ಟ್ರಸ್ಟ್ ಕೊಟ್ಟ ಸಾಲದಲ್ಲಿ ಓದಿದವಳು ಅವಳು. ಇಲ್ಲಿಯ ಕೂಲಿಯವರನ್ನು ಮೂರು ವರ್ಷ ನೋಡಿಕೊಂಡರೆ ಆ ಸಾಲ ಮನ್ನಾ. ಇವತ್ತು ಕೊನೆಯ ದಿನ. ನಾಳೆ ಟ್ರಸ್ಟಿನವರು ಅದರ ಸಾಕ್ಷಿಗೆ ರಿಜಿಸ್ಟರ್ ನೋಡಲು ಬರುವವರಿದ್ದರು.

"ಎಲ್ಲ ನೀರಲ್ಲಿ ಹೋಮ ಆಯ್ತು, ಕುಸುಮಕ್ಕ."

"ತಾಳಿ ಡಾಕ್ಟ್ರೇ. ಅಳುದು ಮತ್ತೆ."

\* \* \*

ಅನುಮಾನ ಮೊದಲು ಬಿದ್ದದ್ದು ಔಷಧಿ ಕೊಡುವ ತಿಲಕನ ಮೇಲೆ. ಡಾಕ್ಟರ್ ಹೋದರೆ ಕ್ಲಿನಿಕ್ ಮುಚ್ಚುತ್ತದೆ, ಈ ದೇಶದಲ್ಲಿರಲು ಅವನಿಗೆ ಕೊಟ್ಟ ಪರವಾನಗಿ, ಇಕಾಮಾ, ರದ್ದಾಗುತ್ತದೆ.

"ಬೀಗದ ಕೈ ನನ್ನ ಹತ್ರವೇ ಉಂಟಲ್ಲ, ಗಾಜು ಎಂತಕ್ಕೆ ಒಡೀಲಿ?" ತಿಲಕ ಶೂ ಕಳಚಿ ಅಂಗಾಲು ತೋರಿಸಿದ. ಒಂದು ಗೀರೂ ಇರಲಿಲ್ಲ.

ಕುಸುಮಾವತಿ ಬಗ್ಗಿ ಹೆಜ್ಜೆಗಳನ್ನು ನೋಡಿದಳು. ಬರಿಗಾಲು. ಬಾಗಿಲಿನಿಂದ ಮೇಜಿಗೆ, ಮೇಜಿನಿಂದ ಬಾಗಿಲಿಗೆ, ಎಲ್ಲ ಹೆಜ್ಜೆಗಳ ನಡುವೆ ಒಂದೇ ಅಂತರ. ಅವಳು ತಟ್ಟನೆ ಎದ್ದಳು.

"ಡಾಕ್ಟ್ರೇ, ಡ್ರೆಸ್ಸಿಂಗ್ ಪೆಟ್ಟಿಗೆ ತಗೊಳ್ಳಿ. ಬೇಗ!"

\* \* \*

ಹಿಂದಿನ ಬೀದಿಯ ಕಾರ್ಮಿಕರ ಕೋಣೆಯಲ್ಲಿ ವೆಲ್ಡರ್ ಮಲಕಾಜಪ್ಪ ಜ್ವರದಿಂದ ನರಳುತ್ತಿದ್ದ. ಹಳೆಯ ಸಕ್ಕರೆ ಕಾಯಿಲೆಯವನು. ಕಾಲಿಗೆ ಟವೆಲ್ ಸುತ್ತಿತ್ತು. ದಿಂಬಿನಡಿ ರಿಜಿಸ್ಟರ್ ಇತ್ತು.

"ಹೆಂಗ ಗೊತ್ತಾತ್ರೀ ಅಕ್ಕಾರ?"

"ಕದಿಯಲಿಕ್ಕೆ ಬಂದವ ಹೊರಗೆ ಬೂಟು ಬಿಟ್ಟು ಬಂದಿದ್ದಾನೆ. ಡಾಕ್ಟ್ರು ಎಷ್ಟು ಬೈದರೂ ದೇವಸ್ಥಾನಕ್ಕೆ ಬಂದ ಹಾಗೆ ಬರಿಗಾಲಲ್ಲಿ ಬರುವವರು ನೀವೊಬ್ಬರೇ. ಮತ್ತೆ, ಗಾಜು ಹೊಕ್ಕರೂ ಅವ ಕುಂಟಲಿಲ್ಲ. ನಿಮ್ಮ ಕಾಲಿಗೆ ನೋವೇ ಗೊತ್ತಾಗುದಿಲ್ಲಲ್ಲ."

ಮಲಕಾಜಪ್ಪ ಗೋಡೆಯ ಕಡೆ ತಿರುಗಿದ. "ಪುಸ್ತಕ ಇಲ್ಲಂದ್ರ ಮೇಡಂ ಇನ್ನೊಂದೆರಡ ವರ್ಷ ಇರ್ತಾರಂತ ಮಾಡಿದ್ನಿ. ಅವರು ಹೋದ್ರ ನಮ್ಮನ್ನ ಯಾರ ನೋಡ್ತಾರ್ರೀ?"

ನವ್ಯಶ್ರೀ ಬೈಯಲಿಲ್ಲ. ನೆಲಕ್ಕೆ ಕೂತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಟವೆಲ್ ಬಿಚ್ಚಿದಳು. ಪಾದ ಕಪ್ಪಾಗಿತ್ತು. ಗಾಜಿನ ಚೂರು ಇನ್ನೂ ಒಳಗೇ ಇತ್ತು.

"ನಿನ್ನೆಯೇ ನನ್ನನ್ನು ಕರೆಯಬಾರದಿತ್ತಾ?"

"ಯಾವ ಮುಖ ಇಟ್ಕೊಂಡ ಕರೀಲಿರೀ?"

ಆಂಬ್ಯುಲೆನ್ಸ್ ಬರುವ ಮುಂಚೆ ಅವನೇ ರಿಜಿಸ್ಟರ್ ಕೇಳಿ ಪಡೆದು ಸಹಿ ಹಾಕಿದ. ಆ ಮೂರು ವರ್ಷದ ಕೊನೆಯ ರೋಗಿ ಅವನೇ.

\* \* \*

ಸಾಲ ಮನ್ನಾ ಆಯಿತು. ಕಾಲು ಉಳಿಯಲಿಲ್ಲ.

ಡಾಕ್ಟರ್ ಊರಿಗೆ ಹೊರಡುವ ದಿನ ಮಲಕಾಜಪ್ಪ ಊರುಗೋಲಿನ ಮೇಲೆ ಕ್ಲಿನಿಕ್ಕಿಗೆ ಬಂದ. ಬಾಗಿಲಲ್ಲಿ ನಿಂತು, ಉಳಿದ ಒಂದೇ ಬೂಟನ್ನು ಬಿಚ್ಚಲು ಬಗ್ಗಿದ.

"ಬೇಡ, ಹಾಗೇ ಬನ್ನಿ," ಎಂದು ನವ್ಯಶ್ರೀ ಅತ್ತುಬಿಟ್ಟಳು. ಅವನು ಕೇಳಲಿಲ್ಲ.